ಬೆಂಗಳೂರು–ಮೈಸೂರು ಹೆದ್ದಾರಿಯ ಜಮಾಖರ್ಚು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯನ್ನು ಕುರಿತು ಬರೆದವರು ಸಾಮಾನ್ಯವಾಗಿ ರಾಮಗಿರಿಯ ಹೆಬ್ಬಂಡೆಗಳನ್ನೂ, ಚನ್ನಪಟ್ಟಣದ ಬೊಂಬೆಗಳನ್ನೂ, ಮದ್ದೂರಿನ ವಡೆಯನ್ನೂ, ಮಂಡ್ಯದ ಕಬ್ಬಿನ ಗದ್ದೆಗಳನ್ನೂ ವರ್ಣಿಸಿ ತೃಪ್ತರಾಗುವುದುಂಟು. ಆ ವರ್ಣನೆಗಳ ಸೊಗಸಿಗೆ ನಾನು ಅಡ್ಡಿ ಹೇಳತಕ್ಕವನಲ್ಲ. ಆದರೆ ಅದೇ ದಾರಿಗೆ ಅಂದಾಜುಪಟ್ಟಿಗಳಲ್ಲಿಯೂ ಆಯವ್ಯಯದ ಪುಟಗಳಲ್ಲಿಯೂ ಒಪ್ಪಂದಪತ್ರಗಳಲ್ಲಿಯೂ ಹುದುಗಿರುವ ಮತ್ತೊಂದು ಚರಿತ್ರೆಯುಂಟು; ಅದನ್ನು ಓದುವ ತಾಳ್ಮೆ ಪ್ರವಾಸಿಗನಿಗೆ ಇರುವುದಿಲ್ಲ, ಓದಲೇಬೇಕಾದ ಅಧಿಕಾರಿಗೆ ಅದರಲ್ಲಿ ರಸ ಕಾಣುವುದಿಲ್ಲ. ಇನ್ನೂರು ವರ್ಷಗಳಿಗೂ ಮೇಲ್ಪಟ್ಟ ಕಾಲದಲ್ಲಿ ಈ ಮಾರ್ಗವನ್ನು ಹಸನುಗೊಳಿಸಲು, ಅಗಲಿಸಲು, ನೇರಗೊಳಿಸಲು ನಡೆದ ಪ್ರಯತ್ನಗಳೆಲ್ಲದರಲ್ಲಿ ನೆಲದ ಏರಿಳಿತವೂ ನದಿಗಳ ಪ್ರವಾಹವೂ ತಂದೊಡ್ಡಿದ ತೊಡಕಿಗಿಂತ, ಇದರ ವೆಚ್ಚವನ್ನು ಹೊರತಕ್ಕವರು ಯಾರು ಎಂಬ ಪ್ರಶ್ನೆ ತಂದೊಡ್ಡಿದ ತೊಡಕೇ ದೊಡ್ಡದಾಗಿತ್ತೆಂದು ನನ್ನ ಅಭಿಪ್ರಾಯ. ರಾಜ್ಯದ ಬೊಕ್ಕಸವೋ, ದಾರಿಯಲ್ಲಿ ಹೋಗುವವನ ಜೇಬೋ, ದಾರಿಯ ಪಕ್ಕದ ಊರಿನ ನೆಲವೋ, ಉತ್ತರ ಬದಲಾದಾಗಲೆಲ್ಲ ದಾರಿಯ ರೂಪ ಬದಲಾಯಿತು. ದಾರಿ ಯಾರಿಗಾಗಿ ಎಂಬುದೂ ಬದಲಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಬಾಲಕನಾದ ಮುಮ್ಮಡಿ ಕೃಷ್ಣರಾಜನ ಹೆಸರಿನಲ್ಲಿ ರಾಜ್ಯಭಾರವನ್ನು ನಿರ್ವಹಿಸಿದ ದಿವಾನ್ ಪೂರ್ಣಯ್ಯನವರ ಸ್ಥಿತಿಯನ್ನು ನೆನೆಯಬೇಕು. ಯುದ್ಧಗಳಿಂದ ನಾಡು ಜರ್ಜರಿತವಾಗಿತ್ತು. ಕಂಪನಿ ಸರ್ಕಾರಕ್ಕೆ ವರ್ಷಂಪ್ರತಿ ಏಳು ಲಕ್ಷ ವರಹಗಳ ಪೊಗದಿಯನ್ನು ಸಲ್ಲಿಸಬೇಕಾಗಿತ್ತು. ಅಂತಹ ಸಮಯದಲ್ಲಿಯೂ ಅವರು ದಾರಿಯ ವಿಷಯವನ್ನು ಉಪೇಕ್ಷಿಸಲಿಲ್ಲ. ರಾಮಗಿರಿಯ ಸುತ್ತಲಿನ ಕಾಡು ಅಂದು ಪಥಿಕರಿಗೆ ಭಯಸ್ಥಾನ. ಆ ಪ್ರದೇಶದಲ್ಲಿ ಹೆದ್ದಾರಿಯ ರಕ್ಷಣೆಗೆಂದೇ 1800ರಲ್ಲಿ ಅವರು ಒಂದು ಪೇಟೆಯನ್ನು ಹೊಸದಾಗಿ ನೆಲೆಗೊಳಿಸಿ, ಅದಕ್ಕೆ ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರನ್ನಿಟ್ಟರು. ಕ್ಲೋಸ್‌ಪೇಟೆಯೆಂಬ ಆ ಊರೇ ಇಂದಿನ ರಾಮನಗರ. ಊರಿಗೆ ದಾರಿ ಮಾಡುವುದು ಲೋಕರೂಢಿ. ಇಲ್ಲಿ ದಾರಿಗಾಗಿ ಊರನ್ನು ಮಾಡಿದರು. ಕಾವಲುಗಾರರ ಸಂಬಳಕ್ಕೆ ನಿರಂತರವಾಗಿ ಹಣ ಸುರಿಯುವ ಬದಲು ಅಂಗಡಿಮುಂಗಟ್ಟುಗಳನ್ನೂ ಒಕ್ಕಲುಗಳನ್ನೂ ತಂದು ನಿಲ್ಲಿಸಿದರೆ ಆ ಜನರ ಬಾಳುವೆಯೇ ದಾರಿಗೆ ಕಾವಲಾಗುವುದೆಂಬ ಈ ಯುಕ್ತಿಯಲ್ಲಿ ಆರ್ಥಿಕ ವಿವೇಕವೂ ಇತ್ತೆನ್ನಬೇಕು. ಕಂಪನಿಯ ಪರವಾಗಿ ನಾಡನ್ನು ಸಮೀಕ್ಷಿಸುತ್ತ ಅದೇ ವರ್ಷ ಈ ಹಾದಿಯಲ್ಲಿ ಸಂಚರಿಸಿದ ಬುಕಾನನ್, ಚನ್ನಪಟ್ಟಣದ ಗಾಜಿನ ಬಳೆಗಳನ್ನೂ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನೂ ಗಮನವಿಟ್ಟು ದಾಖಲಿಸಿದ್ದಾನೆ; ಮಾರ್ಗದ ಇಕ್ಕೆಲದ ಊರುಗಳು ಮಾರ್ಗವನ್ನು ನಂಬಿ ಬದುಕುವ ಪದ್ಧತಿ ಅಂದೇ ಬೇರೂರಿತ್ತು.

ಮಾರ್ಗದ ಇನ್ನೊಂದು ತುದಿಯಲ್ಲಿ ಕಾವೇರಿ ಇದ್ದಳು. ಶ್ರೀರಂಗಪಟ್ಟಣದ ಬಳಿ ನದಿಗೆ 1804ರಲ್ಲಿ ಪೂರ್ಣಯ್ಯನವರು ಕಟ್ಟಿಸಿದ ಸೇತುವೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು ಬಂದಿತು. ಕಲ್ಲಿನ ಕಂಬಗಳ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಚಪ್ಪಡಿ: ನಮ್ಮ ದೇವಾಲಯಗಳ ಶಿಲ್ಪಿಗಳಿಗೆ ತಲೆಮಾರುಗಳಿಂದ ಪರಿಚಿತವಾಗಿದ್ದ ಕ್ರಮವನ್ನೇ ನದಿಯೊಳಗೆ ಇಳಿಸಿದ ಈ ರಚನೆ, ಎಷ್ಟೋ ಪ್ರವಾಹಗಳನ್ನು ಕಂಡೂ ನಿಂತುಕೊಂಡಿತು. ಹೆಸರು ಆಂಗ್ಲನದು, ಹಣ ಮೈಸೂರಿನದು, ಕೈಗೆಲಸ ಕಲ್ಲುಕುಟಿಗರದು. ಮುಂದಿನ ಕಾಲದ ಅನೇಕ ಕಾಮಗಾರಿಗಳಲ್ಲಿಯೂ ಕೀರ್ತಿ ಮತ್ತು ವೆಚ್ಚ ಹೀಗೆಯೇ ಬೇರೆ ಬೇರೆ ಬಾಗಿಲುಗಳಿಗೆ ಸಂದಿವೆ.

ಇಷ್ಟಾದರೂ ದಾರಿಯೆಂಬುದು ಆ ಕಾಲದ ಸರ್ಕಾರಗಳಿಗೆ ವೆಚ್ಚದ ಬಾಬಾಗಿದ್ದುದಕ್ಕಿಂತ ಹೆಚ್ಚಾಗಿ ಆದಾಯದ ಬಾಬಾಗಿತ್ತು. ಸರಕು ಸಾಗಿಸುವ ವರ್ತಕನನ್ನು ಸುಂಕದ ಕಟ್ಟೆಗಳಲ್ಲಿ ತಡೆದು, ಹೇರನ್ನು ಪರೀಕ್ಷಿಸಿ ವಸೂಲು ಮಾಡುವ ಸಾಯರ್ ಸುಂಕವನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿತ್ತು. ಗುತ್ತಿಗೆದಾರನಿಗೆ ದಾರಿಯ ಗುಣದಲ್ಲಿ ಏನೂ ಆಸಕ್ತಿಯಿರಬೇಕಾಗಿರಲಿಲ್ಲ, ದಾರಿಯಲ್ಲಿ ಬರುವವನು ತಪ್ಪಿಸಿಕೊಳ್ಳದಿದ್ದರೆ ಸಾಕಾಗಿತ್ತು. 1831ರಲ್ಲಿ ಆಡಳಿತ ಕಮಿಷನರರ ಕೈಗೆ ಹೋದಮೇಲೆ, ಅದರಲ್ಲಿಯೂ 1834ರಿಂದ 1861ರವರೆಗೆ ಅಧಿಕಾರದಲ್ಲಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ, ಕಿರುಕುಳದ ತೆರಿಗೆಗಳನ್ನು ಒಂದೊಂದಾಗಿ ತೆಗೆದುಹಾಕಲಾಯಿತು. ಅವುಗಳ ಸಂಖ್ಯೆ 769 ಎಂದು ಗೆಜೆಟಿಯರಿನಲ್ಲಿ ಲೆಕ್ಕವಿದೆ. ಮದುವೆಗೊಂದು ತೆರಿಗೆ, ಮಗು ಹುಟ್ಟಿದ್ದಕ್ಕೊಂದು, ಅದಕ್ಕೆ ಹೆಸರಿಟ್ಟದ್ದಕ್ಕೊಂದು, ಅದರ ತಲೆ ಬೋಳಿಸಿದ್ದಕ್ಕೆ ಮತ್ತೊಂದು. ಒಂದು ಊರಿನವರು ತಮ್ಮ ಪೂರ್ವಿಕರು ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿ ಕೊಡಲಿಲ್ಲವೆಂಬ ಅಪರಾಧಕ್ಕೆ ತೆರಿಗೆ ತೆರುತ್ತಿದ್ದರಂತೆ. ನಗರದ ಸೀಮೆಯಲ್ಲಿ ಒಂದು ಜಾಗವನ್ನು ಕೈಗಳನ್ನು ಮೈಗೆ ಒತ್ತಿಕೊಳ್ಳದೆ ದಾಟಿದವನಿಗೂ ತೆರಿಗೆಯುಂಟಂತೆ. ಇಂದಿನ ಓದುಗನಿಗೆ ನಗೆ ಬರಬಹುದು. ಇವೆಲ್ಲವೂ ಸರ್ಕಾರದ ಲೆಕ್ಕದಲ್ಲಿ ಗಂಭೀರವಾಗಿ ಜಮೆಯಾಗುತ್ತಿದ್ದ ಬಾಬುಗಳೆಂಬುದನ್ನು ನೆನೆದಾಗ ಆ ನಗೆ ಅಷ್ಟು ಸುಲಭವಾಗಿ ಉಳಿಯುವುದಿಲ್ಲ.

ಕಬ್ಬನ್ನನ ಆಡಳಿತ ಸುಂಕದ ಕಟ್ಟೆಗಳನ್ನು ಸಡಿಲಿಸಿದ್ದು ಮಾತ್ರವಲ್ಲದೆ, ಸಾಮಾನ್ಯ ಹುಟ್ಟುವಳಿಯಿಂದಲೇ ಹಣ ತೆಗೆದು ದಾರಿಗಳನ್ನು ಮಾಡಿಸಿತು. ಸುಮಾರು ಕಾಲು ಶತಮಾನದಲ್ಲಿ 1,600 ಮೈಲಿಗಳಷ್ಟು ರಸ್ತೆ, 300ಕ್ಕೂ ಮೇಲ್ಪಟ್ಟ ಸೇತುವೆಗಳು, ಅಸಂಖ್ಯ ಮೋರಿಗಳು ಮೈಸೂರು ಸೀಮೆಯಲ್ಲಿ ಎದ್ದುವು. ಬೆಂಗಳೂರು ಎಲ್ಲ ಜಿಲ್ಲಾಸ್ಥಳಗಳಿಗೂ ಕೂಡಿಕೊಂಡಿತು. ರಾಜನಿರುವುದು ಮೈಸೂರಿನಲ್ಲಿ, ಕಮಿಷನರನ ಕಚೇರಿಯೂ ದಂಡೂ ಇರುವುದು ಬೆಂಗಳೂರಿನಲ್ಲಿ ಎಂಬ ವಿಚಿತ್ರ ಪರಿಸ್ಥಿತಿಯಲ್ಲಿ ಇವೆರಡರ ನಡುವಣ ಹಾದಿ ಎಲ್ಲಕ್ಕಿಂತ ಹೆಚ್ಚು ಕಾಳಜಿಗೆ ಪಾತ್ರವಾದದ್ದು ಸಹಜವೇ. ಮದ್ದೂರಿನ ಬಳಿ ಶಿಂಷಾನದಿಗೆ ಇಟ್ಟಿಗೆಯ ಏಳು ಕಮಾನುಗಳ ಸೇತುವೆ 1850ರಲ್ಲಿ ಕಟ್ಟಲ್ಪಟ್ಟಿತು. 1856ರಲ್ಲಿ ಪ್ರತ್ಯೇಕವಾದ ಮರಾಮತ್ತು ಇಲಾಖೆಯೇ ಹುಟ್ಟಿತು. ಅದುವರೆಗೆ ಕಂದಾಯದ ಅಧಿಕಾರಿಗಳ ಉಪವೃತ್ತಿಯಾಗಿದ್ದ ಕೆಲಸಕ್ಕೆ ಅಂದಿನಿಂದ ಎಂಜಿನಿಯರು, ಅಂದಾಜು, ಮಂಜೂರಾತಿ, ಅಳತೆಪುಸ್ತಕ ಎಂಬ ಶಾಸ್ತ್ರವೂ ಅದರ ಬೆನ್ನಿಗೇ ವಿಳಂಬವೂ ಪ್ರಾಪ್ತವಾದುವು. ತರುವಾಯ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ನಿಧಿಯನ್ನು ಎತ್ತಿ ಜಿಲ್ಲೆಯ ರಸ್ತೆಗಳಿಗೆ ವಿನಿಯೋಗಿಸುವ ಏರ್ಪಾಡೂ ಬಂದಿತು. ಉಳುವವನು ತೆರುವುದು ಹಳ್ಳಿಯ ದಾರಿಗೆ, ಸರ್ಕಾರದ ಬೊಕ್ಕಸ ತೆರುವುದು ಹೆದ್ದಾರಿಗೆ ಎಂಬ ಈ ವಿಭಾಗ ನ್ಯಾಯವಾಗಿ ಕಂಡರೂ, ಆ ಬೊಕ್ಕಸಕ್ಕೆ ಬಹುಪಾಲು ತುಂಬುತ್ತಿದ್ದವನು ಅದೇ ಉಳುವವನು.

1876ರಿಂದ 78ರವರೆಗಿನ ಮಹಾಕ್ಷಾಮ ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ಹಸಿದವರಿಗೆ ಕೂಲಿಯ ರೂಪದಲ್ಲಿ ಅನ್ನ ಕೊಡಲು ಮಣ್ಣುಕೆಲಸವೇ ಬೇಕಾದಾಗ ಬೆಂಗಳೂರು–ಮೈಸೂರು ರೈಲುದಾರಿಯ ಏರಿ ಎದ್ದಿತು. 1882ರಲ್ಲಿ ರೈಲು ಮೈಸೂರನ್ನು ಮುಟ್ಟಿತು. ಅಲ್ಲಿಂದ ಮುಂದೆ ಒಂದೆರಡು ತಲೆಮಾರುಗಳ ಕಾಲ ಹೆದ್ದಾರಿ ರೈಲಿನ ಪಕ್ಕದಲ್ಲಿ ಎತ್ತಿನ ಬಂಡಿಗಳಿಗೂ ಜಟಕಾಗಳಿಗೂ ಕಾಲ್ನಡೆಯವರಿಗೂ ಉಳಿದ ಉಪಮಾರ್ಗವಾಯಿತೆನ್ನಬಹುದು.

ಮೋಟಾರು ಬಂದದ್ದರಿಂದ ಪ್ರಶ್ನೆ ಮತ್ತೆ ಎದ್ದಿತು. ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿ ಜಲ್ಲಿಯನ್ನು ಪುಡಿಮಾಡುತ್ತಿದ್ದರೆ, ಮೋಟಾರಿನ ರಬ್ಬರಿನ ಗಾಲಿ ಆ ಪುಡಿಯನ್ನು ಹೀರಿ ಧೂಳಾಗಿ ಹಾರಿಸುತ್ತಿತ್ತು. ಎರಡೂ ಕೂಡಿ ಓಡಾಡಿದ ಜಲ್ಲಿರಸ್ತೆ ಬೇಗನೆ ಕಿತ್ತುಹೋಗುತ್ತಿತ್ತು. 1919ರ ಸುಧಾರಣೆಗಳ ತರುವಾಯ ಬ್ರಿಟಿಷ್ ಇಂಡಿಯಾದಲ್ಲಿ ರಸ್ತೆಗಳು ಪ್ರಾಂತಗಳ ಪಾಲಾಗಿದ್ದುವು. ಪ್ರಾಂತಗಳ ಬಳಿ ಹಣವಿರಲಿಲ್ಲ. 1927ರಲ್ಲಿ ಎಂ. ಆರ್. ಜಯಕರರ ಅಧ್ಯಕ್ಷತೆಯಲ್ಲಿ ನೇಮಿತವಾದ ಸಮಿತಿ ಮರುವರ್ಷ ಸಲ್ಲಿಸಿದ ವರದಿ, ಈ ವಿಷಯದಲ್ಲಿ ನಮ್ಮ ದೇಶದಲ್ಲಿ ನಡೆದ ಅತ್ಯಂತ ಸ್ವಚ್ಛವಾದ ಆಲೋಚನೆಯೆಂದು ನಾನು ಭಾವಿಸುತ್ತೇನೆ. ಮೋಟಾರು ರಸ್ತೆಯನ್ನು ಬಳಸುತ್ತದೆ. ಹೆಚ್ಚು ಓಡಿದಷ್ಟೂ ಹೆಚ್ಚು ಪೆಟ್ರೋಲು ಸುಡುತ್ತದೆ. ಆದಕಾರಣ ಪೆಟ್ರೋಲಿನ ಗ್ಯಾಲನ್ನಿಗೆ ಎರಡಾಣೆ ಹೆಚ್ಚುವರಿ ಸುಂಕವನ್ನು ಹಾಕಿ, ಅದನ್ನು ಬೇರೆ ಯಾವ ವೆಚ್ಚಕ್ಕೂ ಮುಟ್ಟದೆ ಪ್ರತ್ಯೇಕ ನಿಧಿಯಾಗಿರಿಸಿ, ರಸ್ತೆಗೇ ವಿನಿಯೋಗಿಸತಕ್ಕದ್ದು. 1929ರ ಮಾರ್ಚಿನಲ್ಲಿ ಸ್ಥಾಪಿತವಾದ ಕೇಂದ್ರ ರಸ್ತೆ ನಿಧಿಯಲ್ಲಿ ಒಂದಂಶವನ್ನು ಭಾರತ ಸರ್ಕಾರ ಇಟ್ಟುಕೊಂಡು, ಉಳಿದುದನ್ನು ಪ್ರಾಂತಗಳಿಗೂ ದೇಶೀಯ ಸಂಸ್ಥಾನಗಳಿಗೂ ಅವುಗಳ ಪೆಟ್ರೋಲು ಬಳಕೆಗೆ ಅನುಸಾರವಾಗಿ ಹಂಚುವ ನಿಯಮವಿತ್ತು. ಪ್ರಯಾಣಿಕನನ್ನು ಎಲ್ಲಿಯೂ ತಡೆದು ನಿಲ್ಲಿಸದೆ, ಗುತ್ತಿಗೆದಾರನ ಕೈಗೆ ಒಪ್ಪಿಸದೆ, ಬಳಸಿದವನಿಂದ ಬಳಸಿದಷ್ಟಕ್ಕೆ ವಸೂಲು ಮಾಡುವ ಈ ಉಪಾಯದಲ್ಲಿ ಸಾಯರ್ ಸುಂಕದ ತತ್ತ್ವವಿದ್ದು ಅದರ ಪೀಡೆಯಿರಲಿಲ್ಲ. ದೋಷ ಬಂದದ್ದು ಆಚರಣೆಯಲ್ಲಿ. ಸುಂಕವನ್ನು ಬೆಲೆಯ ಮೇಲೆ ಹಾಕದೆ ಅಳತೆಯ ಮೇಲೆ ಹಾಕಿದ್ದರಿಂದ, ಮುಂದಿನ ದಶಕಗಳಲ್ಲಿ ಪೆಟ್ರೋಲಿನ ಬೆಲೆ ಏರಿದರೂ ಜಲ್ಲಿಯ ಬೆಲೆ ಏರಿದರೂ ನಿಧಿಯ ಪಾಲು ಅದಕ್ಕೆ ತಕ್ಕಂತೆ ಏರಲಿಲ್ಲ. ಎಣ್ಣೆಯಿಂದ ಬಂದ ಉಳಿದ ಭಾರಿ ಆದಾಯವೆಲ್ಲ ಸರ್ಕಾರದ ಸಾಮಾನ್ಯ ಬೊಕ್ಕಸವೆಂಬ ಮಹಾಸಮುದ್ರವನ್ನು ಸೇರಿತು.

ಯುದ್ಧಕಾಲದಲ್ಲಿ, 1943ರ ಡಿಸೆಂಬರಿನಲ್ಲಿ, ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರರು ಇಪ್ಪತ್ತು ವರ್ಷಗಳ ಒಂದು ಯೋಜನೆಯನ್ನು ಸಿದ್ಧಪಡಿಸಿದರು. ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾರಸ್ತೆ, ಹಳ್ಳಿಯ ರಸ್ತೆ ಎಂಬ ವರ್ಣಾಶ್ರಮ ನಮ್ಮ ದಾರಿಗಳಿಗೆ ಬಂದದ್ದು ಅಂದು. ವ್ಯವಸಾಯದ ಸೀಮೆಯಲ್ಲಿ ಯಾವ ಹಳ್ಳಿಯೂ ಮುಖ್ಯರಸ್ತೆಯಿಂದ ಐದು ಮೈಲಿಗಿಂತ ದೂರವಿರಕೂಡದೆಂಬುದು ಅವರ ಆಶಯ. ಸುತ್ತಲೂ ಯುದ್ಧ ನಡೆದಿರುವಾಗ ಕುಳಿತು ಹಳ್ಳಿಯ ದಾರಿಯ ಚಿಂತೆ ಮಾಡಿದ ಆ ಎಂಜಿನಿಯರರಲ್ಲಿ ನನಗೆ ಬಹಳ ಗೌರವವಿದೆ. ಆ ಯೋಜನೆಯ ಫಲವಾಗಿ 1947ರ ಏಪ್ರಿಲ್ 1ರಿಂದ ರಾಷ್ಟ್ರೀಯ ಹೆದ್ದಾರಿಗಳ ವೆಚ್ಚವನ್ನು ಭಾರತ ಸರ್ಕಾರ ವಹಿಸಿಕೊಂಡಿತು.

ಈ ವಿಂಗಡಣೆಯಲ್ಲಿ ನಮ್ಮ ದಾರಿಯ ಅದೃಷ್ಟ ನೆಟ್ಟಗಿರಲಿಲ್ಲ. ಮುಂಬಯಿಯಿಂದ ಪುಣೆ, ಬೆಂಗಳೂರುಗಳ ಮೂಲಕ ಮದರಾಸಿಗೆ ಹೋಗುವ ದಾರಿ ರಾಷ್ಟ್ರೀಯ ಹೆದ್ದಾರಿ 4 ಆಯಿತು. ಕಾಶಿಯಿಂದ ಕನ್ಯಾಕುಮಾರಿಗೆ ಹೋಗುವ 7ನೆಯದೂ ಬೆಂಗಳೂರನ್ನು ಹಾಯ್ದಿತು. ಕಾಲಕ್ರಮದಲ್ಲಿ ಮೈಸೂರಿನಿಂದ ಕೋಳಿಕ್ಕೋಡಿಗೆ ಇಳಿಯುವ ದಾರಿಗೂ ಆ ಪದವಿ ದೊರೆಯಿತು. ಆದರೆ ಈ ನಾಡಿನ ಎರಡು ರಾಜಧಾನಿಗಳನ್ನು ಕೂಡಿಸುವ, ದಸರೆಯ ದಿನಗಳಲ್ಲಿ ಲೋಕವೇ ಹರಿಯುವ ಮಾರ್ಗ ರಾಜ್ಯ ಹೆದ್ದಾರಿ 17 ಆಗಿಯೇ ಉಳಿಯಿತು. ಪ್ರಾಂತಗಳನ್ನೂ ಬಂದರುಗಳನ್ನೂ ಸೈನ್ಯದ ಸಂಚಾರವನ್ನೂ ದೃಷ್ಟಿಯಲ್ಲಿಟ್ಟು ಗೆರೆಯೆಳೆದವರಿಗೆ, ಒಂದೇ ಸಂಸ್ಥಾನದ ಒಳಗೆ ಹುಟ್ಟಿ ಒಳಗೇ ಮುಗಿಯುವ ದಾರಿ ರಾಷ್ಟ್ರೀಯವೆಂದು ತೋರದಿದ್ದುದರಲ್ಲಿ ತರ್ಕವುಂಟು. ಪರಿಣಾಮವೇನೆಂದರೆ ಅದರ ಪೋಷಣೆ ಪೂರ್ಣವಾಗಿ ರಾಜ್ಯದ ತಲೆಯ ಮೇಲೆ ಬಿದ್ದಿತು. 1956ರಲ್ಲಿ ಕನ್ನಡನಾಡು ಒಂದಾದ ಮೇಲೆ, ದಾರಿಯೇ ಇಲ್ಲದ ಎಷ್ಟೋ ತಾಲ್ಲೂಕುಗಳು ಬೀದರದಿಂದ ಕಾರವಾರದವರೆಗೆ ಕೈಚಾಚಿ ನಿಂತಿರುವಾಗ, ಇರುವ ಒಳ್ಳೆಯ ದಾರಿಯನ್ನೇ ಇನ್ನೂ ಅಗಲಿಸಬೇಕೆಂದು ಕೇಳುವುದು ಯಾವ ಮಂತ್ರಿಗೂ ಸುಲಭವಾಗಿರಲಿಲ್ಲ. ಅಣೆಕಟ್ಟುಗಳೂ ವಿದ್ಯುತ್ತೂ ಯೋಜನೆಯ ಹಣದ ಮುಖ್ಯ ಪಾಲುದಾರರಾಗಿದ್ದುವು. 1948ರಲ್ಲಿ 120 ಬಸ್ಸುಗಳೊಡನೆ ಮೊದಲಾದ ಸರ್ಕಾರಿ ಸಾರಿಗೆ ಬೆಳೆದು ಸಾವಿರಾರು ಆಯಿತು. ಲಾರಿಗಳು ಬಂದುವು, ಕಬ್ಬಿನ ಗಾಡಿಗಳು ಹೋಗಲಿಲ್ಲ. ಸಾಲುಮರಗಳ ನೆರಳಿನಲ್ಲಿ ಇವೆಲ್ಲವೂ ಒಂದನ್ನೊಂದು ಹಾಯುತ್ತ ಹೋಗುವ ದೃಶ್ಯ ಕಣ್ಣಿಗೆ ತಂಪಾಗಿದ್ದರೂ, ರಾತ್ರಿಯ ಚಾಲಕನಿಗೆ ಆ ಮರಗಳೇ ಮೃತ್ಯುವಾಗುತ್ತಿದ್ದುದನ್ನು ಮರೆಯಲಾಗದು.

1990ರ ದಶಕದಲ್ಲಿ ಬೇರೊಂದು ಉತ್ತರ ಕೇಳಿಬಂದಿತು. ಸರ್ಕಾರದ ಬಳಿ ಹಣವಿಲ್ಲ. ಖಾಸಗಿಯವರು ಕಟ್ಟಲಿ, ಸುಂಕವೆತ್ತಲಿ, ಕಾಲ ಕಳೆದ ಮೇಲೆ ಒಪ್ಪಿಸಲಿ. 1995ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆಗೆ ಇದಕ್ಕೆ ಅನುವಾಗುವ ತಿದ್ದುಪಡಿ ಬಂದಿತು. ಅದೇ ವರ್ಷದ ಫೆಬ್ರವರಿಯಲ್ಲಿ ಎಚ್. ಡಿ. ದೇವೇಗೌಡರು ಮುಖ್ಯಮಂತ್ರಿಗಳಾಗಿದ್ದಾಗ ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರಿನ ಒಡಂಬಡಿಕೆಯಾಗಿ, 1997ರ ಏಪ್ರಿಲಿನಲ್ಲಿ ನಂದಿ ಸಂಸ್ಥೆಯೊಡನೆ ಚೌಕಟ್ಟಿನ ಒಪ್ಪಂದವಾಯಿತು. ಹಳೆಯ ದಾರಿಯನ್ನು ಬಿಟ್ಟು 111 ಕಿಲೋಮೀಟರಿನ ಹೊಸ ವೇಗಮಾರ್ಗ, ಬೆಂಗಳೂರಿನ ಅಂಚಿನಲ್ಲಿ 41 ಕಿಲೋಮೀಟರಿನ ವರ್ತುಲ, ನಡುನಡುವೆ ಐದು ಉಪನಗರಗಳು, ಇವೆಲ್ಲಕ್ಕೆ 20,193 ಎಕರೆ ನೆಲ. ಸುಂಕವೊಂದರಿಂದಲೇ ದಾರಿಯ ಬಂಡವಾಳ ಹಿಂದಿರುಗಲಾರದು, ದಾರಿಯಿಂದ ಬೆಲೆಯೇರಿದ ನೆಲವೂ ಆ ವೆಚ್ಚವನ್ನು ಹೊರಬೇಕು ಎಂಬುದು ಇದರ ಅರ್ಥಶಾಸ್ತ್ರ. ತತ್ತ್ವತಃ ಇದು ಹೀನವಾದ ಆಲೋಚನೆಯಲ್ಲ. ದಾರಿಯ ಬದಿಯಲ್ಲಿ ಪೇಟೆ ನೆಲೆಗೊಳಿಸಿದ ಪೂರ್ಣಯ್ಯನವರಿಗೆ ಇದು ಅರ್ಥವಾಗುತ್ತಿತ್ತು. ಆದರೆ ಏರಿದ ಬೆಲೆ ಯಾರಿಗೆ ಸಲ್ಲಬೇಕು, ಆ ನೆಲದಲ್ಲಿ ರಾಗಿ ಬೆಳೆಯುತ್ತಿದ್ದವನಿಗೋ, ರಸ್ತೆ ಕಟ್ಟುವವನಿಗೋ, ಪ್ರಜೆಗಳ ಪ್ರತಿನಿಧಿಯಾದ ಸರ್ಕಾರಕ್ಕೋ ಎಂಬ ಪ್ರಶ್ನೆಗೆ ಒಪ್ಪಂದಪತ್ರ ಕೊಟ್ಟ ಉತ್ತರ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ವ್ಯಾಜ್ಯದ ಮೇಲೆ ವ್ಯಾಜ್ಯ ಹುಟ್ಟಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಯೋಜನೆಯನ್ನು ಎತ್ತಿಹಿಡಿದ ಮೇಲೂ ವಿವಾದ ವಿಧಾನಮಂಡಲದಲ್ಲಿಯೂ ಕೋರ್ಟುಗಳಲ್ಲಿಯೂ ಮುಂದುವರಿಯಿತು. ಬೆಂಗಳೂರಿನ ಸುತ್ತಣ ಭಾಗ ಎದ್ದು ನಿಂತರೂ ವೇಗಮಾರ್ಗ ಮೈಸೂರನ್ನು ಮುಟ್ಟಲಿಲ್ಲ.

ಇತ್ತ ಹಳೆಯ ದಾರಿ ಕಾಯಲಾರದಾಯಿತು. 1999ರಲ್ಲಿ ಸ್ಥಾಪಿತವಾದ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮ ಈ ಶತಮಾನದ ಮೊದಲ ದಶಕದಲ್ಲಿ ಅದನ್ನು ನಾಲ್ಕು ಪಥಗಳಾಗಿ ಅಗಲಿಸಿತು, ಸಾಲುಮರಗಳು ಉರುಳಿದುವು. ಆಯವ್ಯಯದಲ್ಲಿ ಅನುದಾನವಾಗಿ ತೋರಬೇಕಾದ ಭಾರವನ್ನು ನಿಗಮವೊಂದರ ಲೆಕ್ಕಕ್ಕೆ ವರ್ಗಾಯಿಸುವ ಈ ರೀತಿ ಆ ಕಾಲದಲ್ಲಿ ಎಲ್ಲ ಸರ್ಕಾರಗಳಿಗೂ ಪ್ರಿಯವಾಗಿತ್ತು. ಜಯಕರರ ನಿಧಿಗೂ ಆಗಲೇ ಪುನರ್ಜನ್ಮ ದೊರೆಯಿತು: 2000ದ ಕಾಯಿದೆಯಿಂದ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ ಒಂದು ರೂಪಾಯಿಯಂತೆ ಮೊದಲಾದ ಸೆಸ್ಸು ಶಾಸನಬದ್ಧವಾಗಿ, ಡೀಸೆಲಿನ ಅರ್ಧ ಹಳ್ಳಿಯ ರಸ್ತೆಗಳಿಗೆಂದು ಮೀಸಲಾಯಿತು. ಅಷ್ಟಾದ ಮೇಲೆ ಸುಂಕದ ಕಟ್ಟೆಗಳು ಬೇಡವಾದುವೆಂದು ಯಾರಾದರೂ ಎಣಿಸಿದ್ದರೆ ಅವರ ಎಣಿಕೆ ಫಲಿಸಲಿಲ್ಲ. ಸೆಸ್ಸೂ ಉಳಿಯಿತು, ಟೋಲೂ ಬಂದಿತು.

ಕೊನೆಗೆ 2010ರ ದಶಕದಲ್ಲಿ ಈ ದಾರಿ ಬಂಟ್ವಾಳದಿಂದ ಮಡಿಕೇರಿ, ಮೈಸೂರುಗಳ ಮೂಲಕ ಬೆಂಗಳೂರಿಗೆ ಬರುವ ರಾಷ್ಟ್ರೀಯ ಹೆದ್ದಾರಿ 275ರ ಅಂಗವಾಗಿ, ನಾಗಪುರದವರು ಕೊಡದಿದ್ದ ಪದವಿಯನ್ನು ಪಡೆಯಿತು. ಪದವಿಯೊಡನೆ ಹಣದ ಬಾಗಿಲೂ ತೆರೆಯಿತು. ಸುಮಾರು 118 ಕಿಲೋಮೀಟರು, ನಡುವೆ ಆರು ಪಥಗಳ ಮುಖ್ಯಮಾರ್ಗ, ಎರಡು ಮಗ್ಗುಲಲ್ಲಿ ಎರಡೆರಡು ಪಥಗಳ ಸರ್ವೀಸ್ ರಸ್ತೆ, ಸುಮಾರು 8,480 ಕೋಟಿ ರೂಪಾಯಿ ವೆಚ್ಚ. 2016ರಲ್ಲಿ ಕೇಂದ್ರ ಸರ್ಕಾರ ಅಂಗೀಕರಿಸಿದ್ದ ಹೈಬ್ರಿಡ್ ಆನ್ಯುಯಿಟಿ ಎಂಬ ಪದ್ಧತಿಯಂತೆ, ಕಟ್ಟುವ ಕಾಲದಲ್ಲಿ ನೂರಕ್ಕೆ 40 ಭಾಗವನ್ನು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಕೊಡತಕ್ಕದ್ದು; ಉಳಿದ 60 ಭಾಗವನ್ನು ಗುತ್ತಿಗೆದಾರ ಸಾಲವೆತ್ತಿ ಹೂಡಿ, ಹದಿನೈದು ವರ್ಷಗಳ ಕಾಲ ಅರ್ಧವಾರ್ಷಿಕ ಕಂತುಗಳಲ್ಲಿ ಬಡ್ಡಿಸಹಿತ ಪಡೆಯತಕ್ಕದ್ದು. ಟೋಲಿನ ಹಣ ಪ್ರಾಧಿಕಾರಕ್ಕೆ. ವಾಹನಗಳು ಕಡಿಮೆಯಾದರೆ ನಷ್ಟವೂ ಅದಕ್ಕೇ. ಹಿಂದಿನ ಖಾಸಗಿ ಯೋಜನೆಗಳು ಸಂಚಾರದ ಲೆಕ್ಕ ತಪ್ಪಿ ಮುಗ್ಗರಿಸಿದುದನ್ನು ಕಂಡು ಮಾಡಿದ ಏರ್ಪಾಡು ಇದು.

2022ರ ಆಗಸ್ಟಿನ ಮಳೆಗೆ ರಾಮನಗರದ ಬಳಿ ಇನ್ನೂ ಮುಗಿಯದ ದಾರಿಯೇ ಕೆರೆಯಾಯಿತು. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿಯವರು ಮಂಡ್ಯ ಜಿಲ್ಲೆಯಲ್ಲಿ ಅದನ್ನು ಉದ್ಘಾಟಿಸಿದರು. ಎರಡು ದಿನಗಳಲ್ಲಿ ಬಿಡದಿಯ ಬಳಿ ವಸೂಲಿ ಮೊದಲಾಯಿತು, ಜುಲೈಯಲ್ಲಿ ಗಣಂಗೂರಿನಲ್ಲಿ. ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯುವುದೆಂದು ಸಾರಲಾಗಿತ್ತು. ಈ ವೇಗ ಸಾಧ್ಯವಾದದ್ದು ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬಳಸಿಹೋಗುವ ಐದು ಬೈಪಾಸುಗಳಿಂದ. ಹೊಸ ನೆಲದ ಮೇಲೆ ಸುಮಾರು 52 ಕಿಲೋಮೀಟರು. ದಾರಿಯ ರಕ್ಷಣೆಗೆಂದು ಹುಟ್ಟಿದ ಕ್ಲೋಸ್‌ಪೇಟೆಯನ್ನು ದಾರಿ ಬಿಟ್ಟುಹೋಯಿತು. ತಟ್ಟೆ ಇಡ್ಲಿಯ ಅಂಗಡಿಗಳು, ಬೊಂಬೆಯ ಮಳಿಗೆಗಳು, ವಡೆಯ ಹೋಟೆಲುಗಳು ಗಿರಾಕಿಯಿಲ್ಲದೆ ಸೊರಗಿದುವೆಂಬ ದೂರು ಕೂಡಲೇ ಎದ್ದಿತು. ಯೋಜನೆಯ ಅಂದಾಜಿನಲ್ಲಿ ಉಳಿತಾಯವಾಗುವ ಇಂಧನಕ್ಕೂ ಕಾಲಕ್ಕೂ ಬೆಲೆ ಕಟ್ಟುವ ಶಾಸ್ತ್ರವಿದೆ. ನಿಂತುಹೋದ ವ್ಯಾಪಾರಕ್ಕೆ ಬೆಲೆ ಕಟ್ಟುವ ಅಂಕಣ ಅದರಲ್ಲಿಲ್ಲ. ಹಾಗೆಂದು ದಾರಿಯೇ ಬೇಡವಾಗಿತ್ತೆಂದು ಹೇಳುವುದು ಹಠವಾದೀತು: ಊರೊಳಗಿನ ರಸ್ತೆಯಲ್ಲಿ ಲಾರಿಗಳ ನಡುವೆ ಶಾಲೆಗೆ ಹೋಗುವ ಮಕ್ಕಳನ್ನು ಕಳುಹಿಸಿ ಎದೆಗುದಿಯುತ್ತಿದ್ದ ತಾಯಂದಿರೂ ಅದೇ ಮಂಡ್ಯದಲ್ಲಿ, ಅದೇ ಚನ್ನಪಟ್ಟಣದಲ್ಲಿ ಇದ್ದರು.

ಅಪಘಾತಗಳು ಮೇಲಿಂದ ಮೇಲೆ ಸಂಭವಿಸಿದಾಗ 2023ರ ಆಗಸ್ಟ್ 1ರಿಂದ ಮುಖ್ಯಮಾರ್ಗದಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳನ್ನೂ ಟ್ರ್ಯಾಕ್ಟರುಗಳನ್ನೂ ನಿಷೇಧಿಸಲಾಯಿತು. ಸುರಕ್ಷತೆಯ ದೃಷ್ಟಿಯಿಂದ ಇದು ಸಮಂಜಸವೇ. ಆದರೆ ಮಂಡ್ಯದ ಗಾಣಕ್ಕೆ ಕಬ್ಬು ಒಯ್ಯುವ ಟ್ರ್ಯಾಕ್ಟರು ಸುಡುವ ಡೀಸೆಲಿನ ಮೇಲೂ ರಸ್ತೆಯ ಸೆಸ್ಸು ಉಂಟು, ಬೈಪಾಸಿಗೆ ಹೋದ ನೆಲ ಎಷ್ಟೋ ಕಡೆ ಅಂತಹ ರೈತರ ಗದ್ದೆಯೇ. ಅವರ ಪಾಲಿಗೆ ಬಂದದ್ದು ಸರ್ವೀಸ್ ರಸ್ತೆ. ಅದು ಎಲ್ಲೆಡೆ ಅಖಂಡವಾಗಿಲ್ಲ, ಕೆಳಸೇತುವೆಗಳಲ್ಲಿ ನೀರು ನಿಲ್ಲುತ್ತದೆ ಎಂಬ ದೂರುಗಳಿಗೆ ಮತ್ತೆ ಹೊಸ ಅಂದಾಜುಪಟ್ಟಿಗಳು, ಹೊಸ ಮಂಜೂರಾತಿಗಳು ಬೇಕಾದುವು. ಇತ್ತ ಆನ್ಯುಯಿಟಿಯ ಕಂತುಗಳು ಆರಾರು ತಿಂಗಳಿಗೊಮ್ಮೆ ಸಲ್ಲುತ್ತಿವೆ. ಅವು ಮುಗಿಯುವುದು 2030ರ ದಶಕದ ಕೊನೆಯ ಭಾಗಕ್ಕೆ.